ಕೋಳಿ ಕೂಗುವ ಮುನ್ನ

ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ



ನನ್ನ ತಲೆಯ ಮೇಲಿರುವ ಒಂದು ಹಳೆಯ ಸಾಲದಿಂದ ಮಾತು ಶುರು ಮಾಡುತ್ತೇನೆ. ಮೂವತ್ತು ವರ್ಷಕ್ಕೂ ಹಿಂದಿನದು. ಆಗ ತಪಸ್ಸು ಕಾಲ ಬಂತೆಂದರೆ ನಮ್ಮ ಬೀದಿಯ ಹುಡುಗರು ಸೇರಿ ಯೇಸುಸ್ವಾಮಿಯ ಪಾಡು-ಮರಣದ ನಾಟಕ ಆಡುತ್ತಿದ್ದರು. ಕನ್ನಡ ಮೇಷ್ಟ್ರಾದ್ದರಿಂದ ಮಾತು ಬರೆದುಕೊಡುವ, ಉಚ್ಚಾರಣೆ ತಿದ್ದುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಒಂದು ವರ್ಷ ಯೂದನ ಪಾತ್ರ ಏಳನೇ ತರಗತಿಯ ಹುಡುಗನೊಬ್ಬನಿಗೆ ಬಂತು. ಚೆನ್ನಾಗಿಯೇ ಮಾಡಿದ. ಎಷ್ಟು ಚೆನ್ನಾಗಿ ಎಂದರೆ, ಪುನರುತ್ಥಾನದ ಹಬ್ಬ ಮುಗಿದು ಶಾಲೆಗೆ ಬೇಸಿಗೆ ರಜ ಬಂದರೂ ಬೀದಿಯ ಮಕ್ಕಳು ಅವನನ್ನು ಯೂದ ಎಂದೇ ಕೂಗುತ್ತಿದ್ದರು. ಅಂಗಡಿಗೆ ಹೋದರೆ, ಮೂವತ್ತು ಬೆಳ್ಳಿ ಕಾಸು ಎಲ್ಲಿಟ್ಟಿದ್ದೀಯೋ ಎಂದು ಕೇಳುತ್ತಿದ್ದರು.

ಒಂದು ಭಾನುವಾರ ಜ್ಞಾನೋಪದೇಶದ ತರಗತಿ ಮುಗಿದ ಮೇಲೆ ಅವನು ಹಿಂದೆ ಉಳಿದ. "ಸಾರ್, ನೀವು ಬರೆದುಕೊಟ್ಟಿದ್ದನ್ನ ತಾನೇ ನಾನು ಮಾಡಿದ್ದು? ನನ್ನ ಯಾಕೆ ಬಯ್ತಾರೆ?" ಅಂದ. ಬೆನ್ನು ತಟ್ಟಿ ಸಮಾಧಾನ ಹೇಳಿದೆ. ಅವನು ಹೋಗಲಿಲ್ಲ. "ನಿಜವಾದ ಯೂದನೂ ಅಷ್ಟೇ ಅಲ್ವಾ ಸಾರ್? ಅವನು ಹಿಡ್ಕೊಡ್ತಾನೆ ಅಂತ ಯೇಸುಸ್ವಾಮಿಗೆ ಮೊದಲೇ ಗೊತ್ತಿತ್ತಲ್ಲ. ಹಂಗಾದ್ರೆ ಅವನ ತಪ್ಪೇನು?" ನಾನು ಗಡಿಯಾರ ನೋಡಿಕೊಂಡೆ. ದೊಡ್ಡವನಾದ ಮೇಲೆ ತಿಳಿಯುತ್ತೆ, ಹೋಗಪ್ಪ, ಅಂದೆ.

ಅವನು ತಲೆ ತಗ್ಗಿಸಿಕೊಂಡು ಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವನು ಕೇಳಿದ್ದು ಸಂತ ಅಗಸ್ಟೀನರು, ಬೊಯೆಥಿಯಸ್, ತೋಮಸ್ ಅಕ್ವಿನಾಸರು ತಮ್ಮ ಆಯುಸ್ಸಿನಲ್ಲಿ ವರ್ಷಗಟ್ಟಲೆ ಹೊತ್ತು ತಿರುಗಿದ ಪ್ರಶ್ನೆ. ಆ ಹನ್ನೆರಡು ವರ್ಷದ ಹುಡುಗನಿಗೆ ಅವತ್ತು ಕೊಡಬೇಕಿದ್ದ ಉತ್ತರವನ್ನು ಇವತ್ತು ನಿಮ್ಮೆದುರು ಹುಡುಕುತ್ತೇನೆ.

ಈ ಪ್ರಶ್ನೆ ಕೇಳುವುದಕ್ಕೆ ನಮ್ಮ ಮೊಹಲ್ಲಾ ತಕ್ಕ ಜಾಗ. ಲಷ್ಕರ್ ಅಂದರೆ ದಂಡು, ಸೈನ್ಯ ಬೀಡುಬಿಟ್ಟ ಕೇರಿ. ದಂಡಿನ ಜೊತೆ ಎಲ್ಲ ಬಗೆಯ ಜನ ಬಂದು ನೆಲೆಸಿದ್ದರಿಂದ ಇಲ್ಲಿ ಒಂದು ಸಾವಾದರೆ ಮೂರು ಧರ್ಮದ ನೆರೆಯವರು ಬಾಗಿಲಿಗೆ ಬರುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಮನೆಯಲ್ಲಿ ನಾನು ಕೂತಿದ್ದಾಗ ಒಬ್ಬರು "ಹಣೆಬರಹ ಕಣವ್ವ" ಅಂದರು, ಇನ್ನೊಬ್ಬರು "ತಖ್ದೀರ್" ಅಂದರು, ನಮ್ಮ ಸಭೆಯವರೊಬ್ಬರು "ದೇವರ ಚಿತ್ತ, ಆತನಿಗೆ ಮೊದಲೇ ಗೊತ್ತಿತ್ತು" ಅಂದರು. ಮೂವರೂ ಕರುಳಿನಿಂದಲೇ ಹೇಳಿದರು. ಆದರೆ ನಮ್ಮವರು ಹೇಳಿದ ಮಾತಿನ ಅರ್ಥ ಮೊದಲನೆಯವರ ಮಾತಿನ ಅರ್ಥವೇ ಆಗಿತ್ತು. ಗೊತ್ತಿತ್ತು ಎಂಬುದನ್ನು ಬರೆದಿತ್ತು ಎಂಬ ಅರ್ಥದಲ್ಲಿ ಹೇಳುವುದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಎರಡು ಬೇರೆ ಬೇರೆ ಎಂಬುದೇ ಮರೆತುಹೋಗಿದೆ. ಆ ತಾಯಿ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: "ಗೊತ್ತಿದ್ದೂ ಸುಮ್ಮನಿದ್ದನಾ?"

ಬರೆಯುವವನ ವಿಷಯದಲ್ಲಿ ಬರಹ ಮೊದಲು, ನಡೆ ಆಮೇಲೆ. ನೋಡುವವನ ವಿಷಯದಲ್ಲಿ ನಡೆ ಇದ್ದರೆ ತಾನೇ ನೋಟ? ನಾನು ಬರೆದುಕೊಟ್ಟದ್ದರಿಂದ ಆ ಹುಡುಗ ವೇದಿಕೆಯ ಮೇಲೆ ಮುತ್ತಿಟ್ಟ. ಒಲಿವ್ ತೋಪಿನಲ್ಲಿ ನಿಜವಾದ ಯೂದನಿಗೆ ಯಾರೂ ಮಾತು ಬರೆದುಕೊಟ್ಟಿರಲಿಲ್ಲ. ಅವನು ಕಡೆಯ ರಾತ್ರಿಯೂಟಕ್ಕೆ ಕೂರುವ ಮುಂಚೆಯೇ ಮಹಾಯಾಜಕರ ಹತ್ತಿರ ಹೋಗಿ ಎಷ್ಟು ಕೊಡುತ್ತೀರಿ ಎಂದು ಕೇಳಿ, ಮಾತು ಮುಗಿಸಿ ಬಂದಿದ್ದ.

ಹೀಗೆ ಮೊದಲೇ ಗೊತ್ತಿರುವುದಕ್ಕೆ ನಾವು ಬಳಸುವ ಮುನ್ನರಿವು ಎಂಬ ಪದವನ್ನೇ ಸ್ವಲ್ಪ ತಿರುಗಿಸಿ ನೋಡಿ. ಮುನ್ನಡೆ ಎಂದರೆ ಎದುರಿಗೆ ಹೋಗುವುದು. ಆದರೆ ಮುನ್ನಿನ ಕಾಲ ಎಂದರೆ ಕಳೆದ ಕಾಲ. ಮುಂದೆ ಎಂದರೆ ಇನ್ನು ಬರುವುದು, ಮುಂಚೆ ಎಂದರೆ ಆಗಿಹೋದದ್ದು. ಒಂದೇ ಬೇರು ಎರಡು ಕಡೆಗೂ ಮುಖ ಮಾಡಿದೆ. ಕನ್ನಡಿಗರ ಕಾಲದ ಕಲ್ಪನೆಯಲ್ಲಿ ಏನೋ ದೊಡ್ಡದಿದೆ ಎಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಕಾಲದ ಬಗ್ಗೆ ಮಾತಾಡುವಾಗ ನಮ್ಮ ನಾಲಿಗೆ ಜಾಗದ ಪದಗಳನ್ನೇ ಕಡ ತರುತ್ತದೆ, ಆ ಕಡದಿಂದ ಮೋಸ ಹೋಗಬಾರದು ಎಂದಷ್ಟೇ ಹೇಳುತ್ತಿದ್ದೇನೆ. ದೇವರ ಅರಿವು ನಮ್ಮ ಎದುರಿಗೆ ಗೋಡೆಯ ಹಾಗೆ ನಿಂತಿಲ್ಲ.

ಮೇಷ್ಟ್ರಾದ ನನಗೆ ಈ ಗಂಟು ಮೊದಲು ಸಡಿಲಾದದ್ದು ವ್ಯಾಕರಣದ ಪಾಠದಲ್ಲಿ. ಪ್ರೌಢಶಾಲೆಯಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ. "ಮಾಡುವನು" ಎಂಬುದು ಭವಿಷ್ಯತ್ ಕಾಲ. "ಮಾಡಲಿ", "ಮಾಡು" ಎಂಬುದು ವಿಧ್ಯರ್ಥ. "ಮಾಡಿಯಾನು" ಎಂಬುದು ಸಂಭಾವನೆ. ವಿಧಿ ಎಂಬ ಒಂದೇ ಪದ ಅಪ್ಪಣೆಗೂ ಹಣೆಬರಹಕ್ಕೂ ಸಲ್ಲುವುದನ್ನು ಗಮನಿಸಿ. ಕಡೆಯ ರಾತ್ರಿಯೂಟದಲ್ಲಿ ಯೇಸುಸ್ವಾಮಿ ಪೇತ್ರನಿಗೆ, ಕೋಳಿ ಕೂಗುವ ಮುಂಚೆ ಮೂರು ಸಲ ನನ್ನನ್ನು ಅಲ್ಲಗಳೆಯುವೆ ಎಂದು ಹೇಳಿದ್ದು ಭವಿಷ್ಯತ್ತಿನಲ್ಲಿ. ಅಲ್ಲಗಳೆ ಎಂದು ಅವರು ಅಪ್ಪಣೆ ಕೊಡಲಿಲ್ಲ. ಅಲ್ಲಗಳೆಯಲೇಬೇಕು ಎಂದೂ ಹೇಳಲಿಲ್ಲ. ನಾವು ಕೇಳುವವರು "ಅಲ್ಲಗಳೆಯುವನು" ಎಂಬುದನ್ನು "ಅಲ್ಲಗಳೆಯಲೇಬೇಕು" ಎಂದು ನಮ್ಮ ಕಿವಿಯಲ್ಲೇ ತಿದ್ದಿಕೊಂಡುಬಿಡುತ್ತೇವೆ.

ಇಲ್ಲಿ ಚುರುಕಾದ ಓದುಗರೊಬ್ಬರು ಯೊವಾನ್ನನ ಶುಭಸಂದೇಶ ತೆಗೆದು, ಯೂದನಿಗೆ ಯೇಸು ಅಪ್ಪಣೆಯ ರೂಪದಲ್ಲೇ ಮಾತಾಡಿದರಲ್ಲ ಎಂದು ಕೇಳಬಹುದು. ಹೌದು, ಮಾಡಬೇಕೆಂದಿರುವುದನ್ನು ಬೇಗನೆ ಮಾಡು ಎಂಬರ್ಥದ ಮಾತು ಹದಿಮೂರನೇ ಅಧ್ಯಾಯದಲ್ಲಿದೆ. ಆದರೆ ಅಲ್ಲಿ ಅಪ್ಪಣೆ ಕೊಟ್ಟದ್ದು ಬೇಗ ಎಂಬುದಕ್ಕೆ. ಮಾಡಬೇಕೆಂಬ ತೀರ್ಮಾನ ಯೂದನದು, ಅದು ಆಗಲೇ ಆಗಿಹೋಗಿತ್ತು. ಆ ತೀರ್ಮಾನವನ್ನು ಅವನ ಕೈಯಿಂದ ಕಿತ್ತುಕೊಳ್ಳದೆ, ನಿನ್ನದು ನನಗೆ ಗೊತ್ತಿದೆ ಎಂದು ಮಾತ್ರ ತಿಳಿಸಿದ ಆ ಮಾತಿನಲ್ಲಿ ನನಗೆ ಕೇಳಿಸುವುದು ಕೊನೆಯ ಕರೆ.

ಅಗಸ್ಟೀನರು ನಾಲ್ಕನೇ ಶತಮಾನದ ಕೊನೆಯಲ್ಲಿ ಸ್ವತಂತ್ರ ಇಚ್ಛೆಯ ಬಗ್ಗೆ ಗೆಳೆಯ ಎವೋದಿಯಸನೊಂದಿಗೆ ಸಂವಾದದ ರೂಪದಲ್ಲಿ ಒಂದು ಗ್ರಂಥ ಬರೆದರು. ಅದರ ಮೂರನೇ ಭಾಗದಲ್ಲಿ ನಮ್ಮ ಹುಡುಗನ ಪ್ರಶ್ನೆಯೇ ಇದೆ. ಅಗಸ್ಟೀನರ ಉತ್ತರ ನೆನಪಿಗೆ ಸಂಬಂಧಿಸಿದ್ದು. ನಿನ್ನೆ ನಡೆದದ್ದು ನಿನಗೆ ನೆನಪಿದೆ, ಆದರೆ ನಿನ್ನ ನೆನಪು ನಿನ್ನೆಯನ್ನು ನಡೆಸಲಿಲ್ಲ. ಹಾಗೆಯೇ ದೇವರ ಮುನ್ನರಿವು ನಾಳೆಯನ್ನು ಬಲವಂತದಿಂದ ನಡೆಸುವುದಿಲ್ಲ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಮಾತಿಲ್ಲ.

ದೊಡ್ಡವರಿಗೆ ಇದು ಸಾಲದು, ಯಾಕೆಂದು ಹೇಳುತ್ತೇನೆ. ನೆನಪು ಘಟನೆಯ ಆಮೇಲೆ ಬರುತ್ತದೆ, ಮುನ್ನರಿವು ಮೊದಲೇ ಇರುತ್ತದೆ. ನಾನು ನಾಳೆ ಸುಳ್ಳು ಹೇಳುತ್ತೇನೆ ಎಂದು ದೇವರು ನೂರು ವರ್ಷದ ಹಿಂದೆಯೇ ಅರಿತಿದ್ದರೆ ಆ ಅರಿವು ಕಳೆದ ಕಾಲಕ್ಕೆ ಸೇರಿದ್ದು. ಕಳೆದದ್ದನ್ನು ಯಾರೂ ಬದಲಿಸಲಾರರು. ದೇವರು ತಪ್ಪಾಗಿ ಅರಿಯುವವನೂ ಅಲ್ಲ. ಹಾಗಾದರೆ ನಾಳೆ ನಿಜ ಹೇಳುವ ದಾರಿ ನನಗೆಲ್ಲಿ ಉಳಿಯಿತು? ಅಮೆರಿಕದ ನೆಲ್ಸನ್ ಪೈಕ್ ಎಂಬ ತತ್ತ್ವಶಾಸ್ತ್ರಜ್ಞ 1965ರಲ್ಲಿ ಈ ವಾದವನ್ನು ತುಂಬ ಬಿಗಿಯಾಗಿ ಕಟ್ಟಿದ. ಅದಾದ ಮೇಲೆ ಈ ವಿಷಯ ಬರೆಯುವವರು ಅವನನ್ನು ದಾಟದೆ ಹೋಗುವಂತಿಲ್ಲ.

ಈ ವಾದದ ಒಂದು ಕಟ್ಟು ಸಡಿಲ. ಅದನ್ನು ನಮ್ಮ ಕಣ್ಣೆದುರಿನ ಗೋಪುರಗಳಿಂದಲೇ ತೋರಿಸಬಹುದು. ಇಲ್ಲಿ ಮೊದಲಿದ್ದ ದೇವಾಲಯವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿ ಕಟ್ಟಿಸಿದರು. ಈಗಿನ ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್ 28ರಂದು. ಈಗ ಹೇಳಿ: "ಹೊಸ ಚರ್ಚಿನ ಅಡಿಗಲ್ಲಿಗೆ 90 ವರ್ಷ ಮುಂಚೆ ಈ ಗುಡಿ ಎದ್ದಿತು" ಎಂಬುದು 1843ರ ಬಗ್ಗೆ ನಿಜವಾದ ಮಾತು ತಾನೇ? ಆ ವರ್ಷ ಕಳೆದುಹೋಗಿದೆ, ನಿಜ. ಆದರೆ ಆ ಮಾತನ್ನು ನಿಜ ಮಾಡಿದ್ದು 1843ರಲ್ಲಿ ಯಾರೂ ಅಲ್ಲ, 1933ರಲ್ಲಿ ಕಲ್ಲಿಟ್ಟ ನಾಲ್ವಡಿಯವರ ಕೈ. ಅವರು ಅಂದು ಬೇಡ ಎಂದಿದ್ದರೆ ಆ ಮಾತು ಎಂದೂ ನಿಜವಾಗಿರುತ್ತಿರಲಿಲ್ಲ. ಕಳೆದ ಕಾಲದ ಕೆಲವು ಸತ್ಯಗಳು ಹೀಗೆ ಬರುವ ಕಾಲದ ಮೇಲೆ ಭಾರ ಬಿಟ್ಟು ನಿಂತಿರುತ್ತವೆ. ದೇವರ ಮುನ್ನರಿವು ಅಂಥದು ಎಂದು ಹದಿನಾಲ್ಕನೇ ಶತಮಾನದಲ್ಲಿ ಓಕಮ್‌ನ ವಿಲಿಯಂ ತೋರಿಸಿದ ದಾರಿಯಲ್ಲಿ ಇಂದಿಗೂ ಹಲವರು ವಾದಿಸುತ್ತಾರೆ. ನಾನು ನಾಳೆ ನಿಜ ಹೇಳಿದರೆ ದೇವರು ಎಂದಿನಿಂದಲೋ ಅರಿತಿದ್ದುದು ಅದನ್ನೇ.

ಇದಕ್ಕಿಂತ ಆಳಕ್ಕೆ ಹೋದವನು ಬೊಯೆಥಿಯಸ್. ರೋಮಿನ ಈ ಮಂತ್ರಿ ರಾಜ ಥಿಯೊಡೊರಿಕನ ಸಂಶಯಕ್ಕೆ ಗುರಿಯಾಗಿ ಸೆರೆ ಸೇರಿ, ಮರಣದಂಡನೆ ಕಾಯುತ್ತ, 524ರ ಆಸುಪಾಸಿನಲ್ಲಿ ತನ್ನ ಕೊನೆಯ ಪುಸ್ತಕ ಬರೆದ. ಬಿಡುವಿದ್ದ ಪಂಡಿತ ಮಾಡಿದ ತರ್ಕ ಅಲ್ಲ ಅದು. ಅನ್ಯಾಯವಾಗಿ ಸಾಯಲಿರುವವನು ಈ ಲೋಕಕ್ಕೊಬ್ಬ ಒಡೆಯನಿದ್ದಾನೆಯೇ ಎಂದು ಕೇಳಿದ್ದು. ಅವನು ಕಂಡುಕೊಂಡದ್ದು ಇಷ್ಟು: ದೇವರಿಗೆ ಮೊದಲು, ಆಮೇಲೆ ಇಲ್ಲ. ನಮಗೆ ಒಂದಾದ ಮೇಲೊಂದು ಬರುವ ಕಾಲವೆಲ್ಲ ಆತನಿಗೆ ಒಟ್ಟಿಗೆ ಈಗ. ಆದ್ದರಿಂದ ಅದು ಮುನ್ನರಿವೇ ಅಲ್ಲ, ಬರೀ ಅರಿವು. ಕಿಟಕಿಯಲ್ಲಿ ನಿಂತವನು ಸೂರ್ಯ ಏರುವುದನ್ನೂ ಮನುಷ್ಯನೊಬ್ಬ ನಡೆಯುವುದನ್ನೂ ಒಟ್ಟಿಗೆ ಕಾಣುತ್ತಾನೆ. ಎರಡೂ ನಡೆಯುತ್ತಿರುವುದು ನಿಶ್ಚಯ. ಆದರೂ ಸೂರ್ಯನಿಗೆ ಬೇರೆ ದಾರಿಯಿಲ್ಲ, ನಡೆಯುವವನಿಗೆ ಇದೆ. ನೋಡುವವನ ನೋಟ ಆ ವ್ಯತ್ಯಾಸವನ್ನು ಅಳಿಸುವುದಿಲ್ಲ.

ಅಕ್ವಿನಾಸರು ಎತ್ತರದ ಜಾಗದಲ್ಲಿ ನಿಂತು ದಾರಿಹೋಕರನ್ನೆಲ್ಲ ಒಂದೇ ನೋಟಕ್ಕೆ ಕಾಣುವವನ ಹೋಲಿಕೆ ಕೊಟ್ಟರು. ಮೈಸೂರಿನವರಿಗೆ ಅದನ್ನು ವಿವರಿಸಬೇಕಿಲ್ಲ. ಜಂಬೂ ಸವಾರಿಯ ದಿನ ಬಂಬೂ ಬಜಾರಿನಲ್ಲಿ ನಿಂತವನಿಗೆ ಅಂಬಾರಿ ಇನ್ನೂ ಬರಬೇಕು, ಅರಮನೆಯ ಬಾಗಿಲಲ್ಲಿ ನಿಂತವನಿಗೆ ಹೋಗಿಯಾಯಿತು, ಚಾಮುಂಡಿ ಬೆಟ್ಟದ ಮೇಲಿನವನಿಗೆ ಬೀದಿ ಪೂರ್ತಿ ಒಂದೇ ನೋಟ. ಹೋಲಿಕೆ ಚೆಂದ. ಆದರೆ ಅದು ಒಂದು ಕಡೆ ಕೈಕೊಡುತ್ತದೆ. ಬೆಟ್ಟದಿಂದ ಕಾಣುವ ಬಂಬೂ ಬಜಾರ್ ಆಗಲೇ ಅಲ್ಲಿದೆ. ನಾಳೆ ಎಂಬುದು ಎಲ್ಲೂ ಇಲ್ಲ.

ಇದಕ್ಕಿಂತ ನನಗೆ ಹತ್ತಿರವಾದ ಹೋಲಿಕೆ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿದೆ. ಅಲ್ಲಿ ಮಲಗಿರುವ ಸಂತ ಫಿಲೋಮಿನಾಳ ಪ್ರತಿಮೆಯ ಮುಂದೆ ಎಷ್ಟೋ ಜನ ಮೇಣದ ಬತ್ತಿ ಹಚ್ಚುತ್ತೀರಿ. ಅವಳ ಅವಶೇಷದ ಒಂದು ತುಣುಕನ್ನು ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಪಡೆದುಕೊಂಡರು. ಅವಳ ಸಮಾಧಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಸಿಕ್ಕಿದ್ದು 1802ರ ಮೇ ತಿಂಗಳಲ್ಲಿ. ಗೋರಿಯ ಬಾಯಿಗೆ ಸುಟ್ಟಮಣ್ಣಿನ ಮೂರು ಬಿಲ್ಲೆಗಳನ್ನು ಮುಚ್ಚಿದ್ದರು. ಸಾಲಾಗಿ ಓದಿದರೆ ಲುಮೆನಾ, ಪಾಕ್ಸ್ ತೆ, ಕುಮ್ ಫಿ. ಏನೂ ಅರ್ಥವಾಗುವುದಿಲ್ಲ. ಮೊದಲ ಬಿಲ್ಲೆಯನ್ನು ಕೊನೆಗಿಟ್ಟು ಓದಿದಾಗ ಸಿಕ್ಕಿತು: ಪಾಕ್ಸ್ ತೆಕುಮ್ ಫಿಲುಮೆನಾ, ಶಾಂತಿ ನಿನ್ನೊಂದಿಗಿರಲಿ ಫಿಲೋಮಿನಾ. ಆ ತಾಯಿ "ಗೊತ್ತಿದ್ದೂ ಸುಮ್ಮನಿದ್ದನಾ" ಎಂದು ಕೇಳಿದಾಗ ಅವರ ಕೈಯಲ್ಲಿ ಇದ್ದದ್ದು ಒಂದೇ ಬಿಲ್ಲೆ. ನಮಗೆಲ್ಲ ಒಂದೊಂದಾಗಿ, ಅದೂ ತಪ್ಪಿದ ಸಾಲಿನಲ್ಲಿ ಸಿಗುತ್ತವೆ. ಮೂರನ್ನೂ ಒಟ್ಟಿಗೆ ಓದುವವನೊಬ್ಬನಿದ್ದಾನೆ ಎಂಬುದು ನನ್ನ ವಿಶ್ವಾಸ. ಓದುವವನು ಬಿಲ್ಲೆಯ ಮೇಲೆ ಹೊಸದಾಗಿ ಒಂದಕ್ಷರ ಕೆತ್ತುವುದಿಲ್ಲ. ಆ ತಾಯಿಗೆ ಇದನ್ನು ಅಂದು ಹೇಳಲಿಲ್ಲ, ಹೇಳಬಾರದಿತ್ತು ಕೂಡ. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ಕೂರುವುದಷ್ಟೇ ನಮ್ಮ ಕೆಲಸ.

ಈಗ ಕಥೆಯೊಂದಕ್ಕೆ ಬರುತ್ತೇನೆ. ಸಮುವೇಲನ ಮೊದಲನೇ ಗ್ರಂಥದ 23ನೇ ಅಧ್ಯಾಯ. ಪೂಜೆಯಲ್ಲಿ ನಮಗೆ ಹೆಚ್ಚು ಕೇಳಿಬರದ ಭಾಗ. ಕೆಯೀಲಾ ಎಂಬ ಊರಿನ ಕಣಗಳನ್ನು ಫಿಲಿಷ್ಟಿಯರು ಸೂರೆ ಮಾಡುತ್ತಿದ್ದಾಗ ದಾವೀದ ಹೋಗಿ ಊರನ್ನು ಉಳಿಸಿದ. ಅವನನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಸೌಲನಿಗೆ ಸುದ್ದಿ ಮುಟ್ಟಿತು. ಕೋಟೆ ಬಾಗಿಲಿರುವ ಊರೊಳಗೆ ಹಕ್ಕಿ ತಾನಾಗಿ ಬಂದು ಕೂತಿದೆ ಎಂದು ಸೌಲ ಹಿಗ್ಗಿದ. ದಾವೀದ ಯಾಜಕ ಎಬ್ಯಾತಾರನನ್ನು ಕರೆಸಿ ದೇವರಲ್ಲಿ ಎರಡು ಪ್ರಶ್ನೆ ಕೇಳಿದ. ಸೌಲ ಬರುತ್ತಾನೆಯೇ? ಬರುತ್ತಾನೆ. ನಾನು ಉಳಿಸಿದ ಈ ಊರಿನವರೇ ನನ್ನನ್ನು ಅವನ ಕೈಗೆ ಕೊಡುತ್ತಾರೆಯೇ? ಕೊಡುತ್ತಾರೆ. ಉತ್ತರ ಕೇಳಿದ ದಾವೀದ ಹಣೆಬರಹ ಎಂದು ಕೈಕಟ್ಟಿ ಕೂರಲಿಲ್ಲ. ತನ್ನ ಸುಮಾರು 600 ಮಂದಿಯನ್ನು ಕಟ್ಟಿಕೊಂಡು ಊರು ಬಿಟ್ಟ. ಅವನು ಹೋದನೆಂದು ತಿಳಿದು ಸೌಲ ಬರುವುದನ್ನೇ ಬಿಟ್ಟ. ಊರಿನವರು ಯಾರನ್ನೂ ಹಿಡಿದುಕೊಡಲಿಲ್ಲ.

ದೇವರು ಹೇಳಿದ್ದು ಸುಳ್ಳಾಯಿತೇ? ಇಲ್ಲ. ದಾವೀದ ಅಲ್ಲೇ ಉಳಿದಿದ್ದರೆ ಹಿಡಿದುಕೊಡುತ್ತಿದ್ದರು. ಈ "ಇದ್ದಿದ್ದರೆ... ಕೊಡುತ್ತಿದ್ದರು" ಎಂಬ ರೂಪದ ಅರಿವೂ ದೇವರಿಗಿದೆ, ಆದದ್ದು ಮಾತ್ರವಲ್ಲ, ಆಗಬಹುದಾಗಿದ್ದೂ ಆತನಿಗೆ ತಿಳಿದಿದೆ ಎಂದು ಸ್ಪೇನಿನ ಯೇಸುಸಭೆಯ ಗುರು ಲೂಯಿಸ್ ದೆ ಮೊಲಿನಾ ಹೇಳಿದರು. ಅದಕ್ಕೆ ಅವರು ಇಟ್ಟ ಹೆಸರು ನಡು ಅರಿವು. ಅವರ ಗ್ರಂಥ ಲಿಸ್ಬನ್ನಿನಲ್ಲಿ 1588ರಲ್ಲಿ ಅಚ್ಚಾಯಿತು. ಪ್ರತಿಯೊಬ್ಬರೂ ಯಾವ ಸಂದರ್ಭದಲ್ಲಿ ತಮ್ಮ ಇಚ್ಛೆಯಿಂದಲೇ ಏನು ಮಾಡುತ್ತಿದ್ದರು ಎಂದು ತಿಳಿದೇ ದೇವರು ಲೋಕವನ್ನು ನಡೆಸುತ್ತಾನೆ, ಹೀಗಾಗಿ ಆತನ ಆಳ್ವಿಕೆಗೂ ನಮ್ಮ ಸ್ವಾತಂತ್ರ್ಯಕ್ಕೂ ಜಗಳವಿಲ್ಲ ಎಂಬುದು ಅವರ ವಾದ.

ದೊಮಿನಿಕ್ ಸಭೆಯ ಬಾನ್ಯೆಸ್ ಮುಂತಾದವರು ಇದನ್ನು ಉಗ್ರವಾಗಿ ವಿರೋಧಿಸಿದರು. ರೋಮಿನಲ್ಲಿ ವಿಚಾರಣೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 1607ರಲ್ಲಿ ಪೋಪ್ ಐದನೇ ಪೌಲರು, ಎರಡೂ ಕಡೆಯವರು ತಮ್ಮ ತಮ್ಮ ವಾದ ಕಲಿಸಬಹುದು, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಕೂಡದು, ತೀರ್ಪನ್ನು ಮುಂದೆ ತಿಳಿಸಲಾಗುವುದು ಎಂದರು. ಆ ತೀರ್ಪು ಇಂದಿಗೂ ಬಂದಿಲ್ಲ. ನನಗೆ ಅದು ಸೋಲಾಗಿ ಕಾಣುವುದಿಲ್ಲ. ಒಂದು ಸತ್ಯದ ಎರಡು ತುದಿಗಳನ್ನು ಗಟ್ಟಿಯಾಗಿ ಹಿಡಿದು, ನಡುವಿನ ಗಂಟು ಕಾಣಲಿಲ್ಲವೆಂದು ಒಂದು ತುದಿಯನ್ನೂ ಬಿಡದಿರುವುದು ದೊಡ್ಡ ಸಂಯಮ. ಇದಾದ ಸುಮಾರು ನಲವತ್ತು ವರ್ಷಕ್ಕೆ ಅದೇ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಗುರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕ್ರೈಸ್ತ ಬೋಧನೆಗೆ ತೊಡಗಿದರು. ಹಣೆಬರಹದ ನಾಡಿಗೆ ಅವರು ಬಂದದ್ದು ಮೊಲಿನಾನ ಸಭೆಯಿಂದ ಎಂಬುದನ್ನು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಸುಧಾರಣಾ ಸಭೆಗಳವರ ಕಡೆಯೂ ಇದೇ ಜಗಳ. ಜಿನೀವದ ಕಾಲ್ವಿನ್, ದೇವರು ಗೊತ್ತುಮಾಡಿರುವುದರಿಂದಲೇ ಅದನ್ನು ಮುಂಚೆ ಕಾಣುತ್ತಾನೆ ಎಂದ. ಇಲ್ಲಿ ಅರಿವು ಮತ್ತೆ ಬರಹವಾಯಿತು. ನನಗೆ ಕಾಲ್ವಿನ್ನನ ಭಕ್ತಿಯ ಮೇಲೆ ಗೌರವವಿದೆ, ಈ ಮಾತನ್ನು ಮಾತ್ರ ಒಪ್ಪಲಾರೆ. ಮೈಸೂರಿಗೆ ಬಂದ ಸುಧಾರಣಾ ಪಂಥದವರು ಬಹುಪಾಲು ವೆಸ್ಲಿಯನ್ ಮಿಷನ್ನಿನವರು. ಅವರ ಮೂಲಪುರುಷ ಜಾನ್ ವೆಸ್ಲಿ 1773ರ ಒಂದು ಬೋಧನೆಯಲ್ಲಿ ಕಾಲ್ವಿನ್ನನ ಮಾತನ್ನು ತಲೆಕೆಳಗು ಮಾಡಿದರು: ದೇವರಿಗೆ ತಿಳಿದಿರುವುದರಿಂದ ಸಂಗತಿ ನಡೆಯುವುದಲ್ಲ, ನಡೆಯುವುದರಿಂದ ದೇವರಿಗೆ ತಿಳಿದಿದೆ ಎಂಬುದು ಅದರ ಸಾರ. ಈ ವಿಷಯಕ್ಕಾಗಿಯೇ ವೆಸ್ಲಿಗೂ ಅವರ ಆಪ್ತ ಜಾರ್ಜ್ ವೈಟ್‌ಫೀಲ್ಡ್‌ಗೂ ಬಿರುಕು ಬಿದ್ದಿತ್ತು. ಆದರೂ 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಸ್ಮರಣೆಯ ಬೋಧನೆ ಮಾಡಿದವರು ವೆಸ್ಲಿಯೇ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಈ ಎರಡು ಪರಂಪರೆಗಳ ಮೊಮ್ಮಕ್ಕಳೂ ಒಂದೇ ಪ್ರಭುಭೋಜನಕ್ಕೆ ಕೂತರು.

ನಮ್ಮ ನೆಲಕ್ಕೆ ಈ ಪ್ರಶ್ನೆ ಕ್ರೈಸ್ತರೊಂದಿಗೆ ಬಂದದ್ದೇನಲ್ಲ. ಉಡುಪಿಯ ಮಧ್ವಾಚಾರ್ಯರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ ಹೇಳಿದರು. ಕಾಲ್ವಿನ್ನನನ್ನು ಓದಿದವರಿಗೆ ಕೂಡಲೇ ಅದು ನೆನಪಾಗುತ್ತದೆ. ವ್ಯತ್ಯಾಸವೂ ಇದೆ: ಮಧ್ವರಲ್ಲಿ ಅದು ಅನಾದಿಯಾದ ಜೀವದ ಸ್ವಂತ ಸ್ವಭಾವ, ದೇವರು ಹೊಸದಾಗಿ ಗೊತ್ತುಮಾಡಿದ್ದಲ್ಲ. ಗೀತೆಯ ಹನ್ನೊಂದನೇ ಅಧ್ಯಾಯದಲ್ಲಿ ಸಾಯಬೇಕಾದವರು ಆಗಲೇ ಸತ್ತಿರುವುದನ್ನು ತೋರಿಸಿ, ನೀನು ನಿಮಿತ್ತಮಾತ್ರ ಎನ್ನುವ ಕೃಷ್ಣನೇ, ಹದಿನೆಂಟನೇ ಅಧ್ಯಾಯದಲ್ಲಿ ಎಲ್ಲವನ್ನೂ ವಿಮರ್ಶಿಸಿ ನಿನಗೆ ತೋಚಿದಂತೆ ಮಾಡು ಎನ್ನುತ್ತಾನೆ. ಅರ್ಜುನ ಆ ಎರಡು ಮಾತುಗಳ ನಡುವೆ ನಿಂತಿದ್ದ. ಪೇತ್ರನೂ ಅಲ್ಲೇ ನಿಂತಿದ್ದ.

ಇನ್ನೊಬ್ಬರನ್ನು ಇಲ್ಲಿ ನೆನೆಯಲೇಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಮೈಸೂರಿನ ಕ್ರೈಸ್ತರನ್ನು ಒಂದುಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ. ಅವರು ಸಿಡುಬಿನ ಲಸಿಕೆಯನ್ನು, ಹಳಬರು ಮೈಲಿ ಹಾಕಿಸುವುದು ಎನ್ನುತ್ತಿದ್ದುದನ್ನು, ಊರೂರಿಗೆ ಹೊತ್ತರು. 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ಲೆಕ್ಕ ಅವರ ಹೆಸರಿನಲ್ಲಿದೆ. ಬರುವುದು ಬಂದೇ ತೀರುತ್ತದೆ ಎಂದು ಕೂತಿದ್ದರೆ ಅಷ್ಟು ಜನರ ತೋಳಿಗೆ ಯಾರು ಮದ್ದು ಹಾಕುತ್ತಿದ್ದರು? ದಾವೀದನಂತೆಯೇ ಅವರೂ ಮುಂಬರುವ ಕೇಡನ್ನು ತಿಳಿದು ಎದ್ದು ನಡೆದವರು. ಅದೇ ದುಬ್ವಾ ಮೂವತ್ತು ವರ್ಷ ದುಡಿದು ದಣಿದು, 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರುವುದು ಮನುಷ್ಯ ಪ್ರಯತ್ನದಿಂದ ಸಾಧ್ಯವಿಲ್ಲ ಎಂದು ಮುಂದಿನದನ್ನು ನುಡಿದುಬಿಟ್ಟರು. ಆ ವರ್ಷವೇ ಫ್ರಾನ್ಸಿಗೆ ಮರಳಿದ ಅವರು ತೀರಿಕೊಂಡದ್ದು 1848ರಲ್ಲಿ. ಅದಕ್ಕೆ ಐದು ವರ್ಷ ಮುಂಚೆ, ಕ್ರೈಸ್ತನಲ್ಲದ ಮಹಾರಾಜರ ಔದಾರ್ಯದಿಂದ, ಈ ಮೊಹಲ್ಲಾದಲ್ಲಿ ಪೂಜೆಯ ಗಂಟೆ ಬಾರಿಸತೊಡಗಿತ್ತು. ಅಂಥ ತ್ಯಾಗಿಯ ಮುನ್ನೋಟಕ್ಕೂ ಸಿಕ್ಕಿದ್ದು ಒಂದೇ ಬಿಲ್ಲೆ.

ದೇವರಿಗೆ ಎಲ್ಲ ತಿಳಿದಿದ್ದರೆ ಪ್ರಾರ್ಥನೆ ಯಾಕೆ ಎಂದು ನೆಲಮಾಳಿಗೆಯಲ್ಲಿ ಬತ್ತಿ ಹಚ್ಚುವವರು ಕೇಳುತ್ತಾರೆ. ಅಕ್ವಿನಾಸರ ಉತ್ತರ ನೇರ: ದೇವರ ಏರ್ಪಾಡನ್ನು ಬದಲಿಸಲು ನಾವು ಪ್ರಾರ್ಥಿಸುವುದಿಲ್ಲ, ಪ್ರಾರ್ಥನೆಯ ಮೂಲಕವೇ ಆಗಲಿ ಎಂದು ಏರ್ಪಾಡಾಗಿರುವುದನ್ನು ಪಡೆಯಲು ಪ್ರಾರ್ಥಿಸುತ್ತೇವೆ. ಬೆಳೆ ಬರುವುದು ದೇವರಿಗೆ ಗೊತ್ತೆಂದು ಯಾವ ರೈತ ಬಿತ್ತನೆ ಬಿಟ್ಟಿದ್ದಾನೆ? ನೀವು ಇಂದು ಸಂಜೆ ಮಾಡುವ ಪ್ರಾರ್ಥನೆ ಆತನಿಗೆ ತಿಳಿದಿದೆ, ನೀವು ಮಾಡುತ್ತೀರಿ ಎಂಬ ಕಾರಣಕ್ಕೆ.

ಈಚಿನ ಕೆಲವು ಪಂಡಿತರು, ಮನುಷ್ಯರ ಸ್ವತಂತ್ರ ನಡೆಗಳು ಇನ್ನೂ ಆಗಿಲ್ಲವಾದ್ದರಿಂದ ಅಲ್ಲಿ ತಿಳಿಯುವುದೇ ಏನಿಲ್ಲ, ದೇವರಿಗೂ ನಾಳೆ ತೆರೆದಿದೆ ಎನ್ನುತ್ತಾರೆ. ಇನ್ನು 40 ದಿನಕ್ಕೆ ನಿನೆವೆ ಹಾಳಾಗುತ್ತದೆ ಎಂದು ಯೋನ ಸಾರಿದ, ಜನ ಪಶ್ಚಾತ್ತಾಪಪಟ್ಟರು, ಊರು ಉಳಿಯಿತು, ಇದೇ ಸಾಕ್ಷಿ ಎನ್ನುತ್ತಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಯೋನನ ಮಾತಿನೊಳಗೆ "ತಿರುಗದಿದ್ದರೆ" ಎಂಬ ಶರತ್ತು ಅಡಗಿತ್ತು. ಪೇತ್ರನಿಗೆ ಹೇಳಿದ ಮಾತಿನಲ್ಲಿ ಅಂಥ ಶರತ್ತಿಲ್ಲ. ಅಲ್ಲಿ ಎಣಿಕೆ ಕೂಡ ಇದೆ, ಮೂರು ಸಲ. ಅದು ಊಹೆಯಲ್ಲ.

ಅಂದು ಆ ಹುಡುಗನಿಗೆ ನಾನು ಪೇತ್ರನನ್ನು ತೋರಿಸಬೇಕಿತ್ತು. ಒಂದೇ ಊಟದ ಮೇಜಿನಲ್ಲಿ ಇಬ್ಬರ ತಪ್ಪೂ ಮುಂಚಿತವಾಗಿ ಹೇಳಲ್ಪಟ್ಟಿತು. ಇಬ್ಬರೂ ಮಾಡಿದರು. ಮುನ್ನರಿವೇ ಕೈಹಿಡಿದು ನಡೆಸುವಂಥದಾಗಿದ್ದರೆ ಇಬ್ಬರ ಕಥೆಯೂ ಒಂದೇ ಆಗಬೇಕಿತ್ತು. ಯೂದ ಬೆಳ್ಳಿ ಕಾಸನ್ನು ಎಸೆದು ಒಬ್ಬನೇ ಹೋದ. ಪೇತ್ರ ಹೊರಗೆ ಹೋಗಿ ಅತ್ತ. ಇನ್ನೊಂದು ಮಾತು: ಪೇತ್ರ ಮಾಡಲಿರುವುದನ್ನು ಯೇಸು ಅವನಿಗೆ ಮೊದಲೇ ತಿಳಿಸಿದ್ದರಿಂದಲೇ, ಕೋಳಿ ಕೂಗಿದಾಗ ಅವನಿಗೆ ಆ ಮಾತು ನೆನಪಾಯಿತು. ಲೂಕನ ಶುಭಸಂದೇಶದಲ್ಲಿ ಆ ಗಳಿಗೆಯಲ್ಲೇ ಯೇಸು ತಿರುಗಿ ಅವನನ್ನು ನೋಡುತ್ತಾರೆ. ಮುನ್ನರಿವು ಅವನನ್ನು ಬೀಳಿಸಲಿಲ್ಲ, ಬಿದ್ದವನಿಗೆ ದಾರಿ ನೆನಪಿಸಿತು. ಐವತ್ತು ದಿನಗಳ ಮೇಲೆ ಅದೇ ಪೇತ್ರ ಜೆರುಸಲೇಮಿನ ಜನರೆದುರು ನಿಂತು, ದೇವರ ಮುನ್ನರಿವಿನಂತೆ ಒಪ್ಪಿಸಲ್ಪಟ್ಟವನನ್ನು ನೀವು ಕೊಂದಿರಿ ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ. ಪ್ರೇಷಿತರ ಕಾರ್ಯಕಲಾಪಗಳ ಎರಡನೇ ಅಧ್ಯಾಯ ತೆಗೆದು ನೋಡಿ. ಹಾಗೆ ಹೇಳುವ ಹಕ್ಕು ಅವನಿಗಿದ್ದಷ್ಟು ಬೇರೆ ಯಾರಿಗೂ ಇರಲಿಲ್ಲ.

ಆ ಹುಡುಗ ಈಗ ನಲವತ್ತು ದಾಟಿದ ಗೃಹಸ್ಥ. ಇದೇ ಮೊಹಲ್ಲಾದಲ್ಲಿದ್ದಾನೆ. ಪಾತ್ರ ಮಾಡುವುದನ್ನು ಎಂದೋ ಬಿಟ್ಟ, ನಾಟಕವನ್ನು ಬಿಡಲಿಲ್ಲ. ಪರದೆಯ ಹಿಂದೆ ನಿಂತು ಕೋಳಿ ಕೂಗುವ ಕೆಲಸ ಪ್ರತಿ ವರ್ಷ ಅವನದೇ. ಈ ಉಪನ್ಯಾಸ ಒಪ್ಪಿಕೊಂಡ ಮೇಲೆ ಅವನ ಮನೆಗೆ ಹೋಗಿ, ಅವತ್ತು ನಿನಗೆ ಉತ್ತರ ಕೊಡದೆ ಕಳಿಸಿದೆನಪ್ಪ, ಅಂದೆ. ಅವನಿಗೆ ಎಲ್ಲ ನೆನಪಿತ್ತು. ಹೆಂಡತಿಗೆ ಕಾಫಿ ಇಡಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿದ:

"ಹೋದ ವರ್ಷ ಪೇತ್ರ ಆಗಿದ್ದ ಹುಡುಗ ಎರಡು ಸಲ ಅಲ್ಲ ಅಂದ ಸಾರ್. ಮೂರನೇ ಸಲ ಬಾಯೇ ಬಿಡಲಿಲ್ಲ. ಬೆಂಕಿ ಮುಂದೆ ಸುಮ್ನೆ ನಿಂತುಬಿಟ್ಟ. ಮಾತು ಮರೆತನೋ, ಮನಸ್ಸೇ ಬರಲಿಲ್ಲವೋ. ಪಕ್ಕದಲ್ಲಿದ್ದೋರು ನಂಗೆ, ಕೂಗೋ, ಕೂಗೋ, ಅಂತ ತಿವೀತಿದ್ರು. ನಾನು ಕೂಗಲಿಲ್ಲ. ಅವನು ಹೇಳದೆ ನಾನು ಹೆಂಗೆ ಕೂಗಲಿ ಸಾರ್?"